ಕಾಕಾ ಕಳಿಸಿದ ಅರ್ಧ ಮೀನು

ನಾನು ಬೆಳೆದ ಮನೆಯನ್ನು ಹೊರಗಿನಿಂದ ನೋಡಿದವರಿಗೆ ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಕಾಣುತ್ತಿರಲಿಲ್ಲ. ದೇವದುರ್ಗದಿಂದ ಕೃಷ್ಣೆಯ ದಾರಿ ಹಿಡಿದರೆ ಹೊಳೆದಂಡೆಗೆ ಸಿಗುವ ಊರು, ಅಂಬಿಗರ ಓಣಿ, ಮಣ್ಣಿನ ಮಾಳಿಗೆ. ಮುಂದೆ ಪಡಸಾಲೆ, ಹಿಂದೆ ಅಡುಗೆಮನೆ, ನಡುವಿನ ಖೋಲಿಯ ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಆ ಕಿಂಡಿಯಿಂದ ನೆಲಕ್ಕೆ ಬೀಳುವ ಚೌಕ ಬಿಸಿಲೇ ನಮ್ಮ ಮನೆಯ ಕಚೇರಿ. ಅದರಲ್ಲಿ ಆಯಿ ಕೂರುತ್ತಿದ್ದಳು. ಆಯಿ ಎಂದರೆ ನಮ್ಮಪ್ಪನ ತಾಯಿ. ಬಿಸಿಲು ಸರಿದಂತೆ ತಾನೂ ಸರಿಯುತ್ತ, ಜೋಳದ ಹರಳು ಆರಿಸುವುದು, ಹರಿದ ಬಲೆ ಕಟ್ಟುವುದು, ಸೊಸೆಯರನ್ನು ಬೈಯುವುದು ಈ ಮೂರನ್ನೂ ಒಟ್ಟಿಗೇ ನಡೆಸುತ್ತಿದ್ದಳು. ಮೂರರಲ್ಲೂ ಅವಳ ಕೈ ಪಳಗಿತ್ತು, ಬೈಯುವುದರಲ್ಲಿ ತುಸು ಹೆಚ್ಚೇ. ಮೀನಿನ ವಿಷಯದಲ್ಲಂತೂ ಅವಳ ಮಾತಿಗೆ ಓಣಿಯಲ್ಲಿ ಎದುರಾಡುವವರಿರಲಿಲ್ಲ. ಬುಟ್ಟಿಯ ಮೇಲೆ ಬಟ್ಟೆ ಮುಚ್ಚಿ ಕೊಟ್ಟರೂ ಒಳಗೆ ಕೈಯಾಡಿಸಿ ಇದು ಕೊರವ, ಇದು ಬಾಳೆಮೀನು, ಇದು ನಿನ್ನೆ ಹಿಡಿದದ್ದು, ಇದನ್ನು ಇವತ್ತಿನದು ಅಂತ ಹೇಳಿದವನು ಸುಳ್ಳ ಎಂದು ಹೇಳಿಬಿಡುತ್ತಿದ್ದಳು. ತಾನು ಗುರುತಿಸದ ಮೀನನ್ನು ದೇವರು ಇನ್ನೂ ಮಾಡಿಲ್ಲ ಎಂಬುದು ಅವಳ ನಂಬಿಕೆ.

ಆ ಮನೆಯಲ್ಲಿ ನಾವು ಐದು ಜನ. ಆಯಿ, ಹರಿಗೋಲು ಹಾಕಿ ಜನರನ್ನು ದಾಟಿಸುತ್ತಿದ್ದ ಅಪ್ಪ, ಅಪ್ಪನಷ್ಟೇ ಕಡಿಮೆ ಮಾತಿನ ಅವ್ವ, ನಾನು, ಮತ್ತು ಚಿಗವ್ವ. ಚಿಗವ್ವ ಅಪ್ಪನ ತಮ್ಮ ಹಣಮಂತ ಕಾಕಾನ ಹೆಂಡತಿ. ಕಾಕಾ ಮದುವೆಯಾದ ಮರುವರ್ಷವೇ ಬೊಂಬಾಯಿಗೆ ಹೋಗಿದ್ದ. ಅದು ದೊಡ್ಡ ಲಡಾಯಿಯ ಕಾಲ, ಅಲ್ಲಿನ ಬಂದರಿನಲ್ಲಿ ಹೊರುವ ಹೆಗಲು ಎಷ್ಟಿದ್ದರೂ ಸಾಲುತ್ತಿರಲಿಲ್ಲವಂತೆ. ಹೀಗಾಗಿ ಚಿಗವ್ವನಿಗೆ ಗಂಡ ಇರಲಿಲ್ಲ, ಮಗು ಇರಲಿಲ್ಲ, ನಾನಿದ್ದೆ. ನನಗಾಗ ಎಂಟು ಎಂದು ಅವ್ವ, ಒಂಬತ್ತು ಎಂದು ಆಯಿ. ಚಿಗವ್ವ ನನ್ನ ತಲೆ ಬಾಚುತ್ತಿದ್ದಳು, ತನ್ನ ಕೌದಿಯಲ್ಲಿ ಮಲಗಿಸಿಕೊಳ್ಳುತ್ತಿದ್ದಳು, ನಾನು ಕೇಳಿದ ಪ್ರತಿಯೊಂದು ಪ್ರಶ್ನೆಗೂ ಉತ್ತರ ಕೊಡುತ್ತಿದ್ದಳು. ಉತ್ತರಗಳೆಲ್ಲ ತಪ್ಪು ಎಂದು ಮುಂದೆ ಶಾಲೆಗೆ ಹೋದಾಗ ಗೊತ್ತಾಯಿತು, ಅದು ಬೇರೆ ಮಾತು. ಉಳಿದವರು ಕೇಳಬೇಡ ಎನ್ನುತ್ತಿದ್ದ ಮನೆಯಲ್ಲಿ ಇವಳೊಬ್ಬಳು ಕೇಳು ಎನ್ನುತ್ತಿದ್ದಳು. ಅವಳಿಲ್ಲದ ಮನೆಯನ್ನು ನಾನು ಊಹಿಸಿಯೂ ಇರಲಿಲ್ಲ.

ಚಿಗವ್ವನ ತವರು ಮಾನ್ವಿ ಸೀಮೆ, ತುಂಗಭದ್ರೆಯ ದಂಡೆ. ಕೃಷ್ಣೆಯ ದಂಡೆಯ ಆಯಿಗೆ ಇದು ಸೊಸೆಯ ಜಾತಕದಲ್ಲಿದ್ದ ದೊಡ್ಡ ದೋಷ. ಸಾರಿನ ಪಾತ್ರೆ ಒಲೆಯಿಂದ ಇಳಿದಾಗಲೆಲ್ಲ ಎರಡು ಹೊಳೆಗಳ ಜಗಳ ಏಳುತ್ತಿತ್ತು.

“ತುಂಗಭದ್ರಿ ಮೀನು ಎಷ್ಟು ಕುದಿಸಿದ್ರೂ ಸಪ್ಪಗ. ನೀರ ಅಂಥಾದು.”

“ಅದಕ್ಕ ಅತ್ತಿ, ನಮ್ಮ ಕಡಿ ಉಪ್ಪು ಖಾರ ಹಾಕ್ತೀವಿ.”

“ಹಾಕಿದ್ರ ಉಪ್ಪು ಖಾರದ ರುಚಿ ಬರ್ತದ. ಮೀನಿನ ರುಚಿ ಎಲ್ಲಿಂದ ತರ್ತಿ?”

“ಅದು ಬೇಕಾಗಿ ನನ್ನ ನಿಮ್ಮ ಮನಿಗಿ ಕೊಟ್ಟಾರ ನೋಡ್ರಿ.”

ಆಯಿಯ ತುಟಿ ಒಂದು ಎಳೆಯಷ್ಟು ಅಲ್ಲಾಡುತ್ತಿತ್ತು, ಕೂಡಲೇ ಅವಳು ಅದನ್ನು ಬಿಗಿದುಕೊಳ್ಳುತ್ತಿದ್ದಳು. ಅವ್ವ ಹೀಗೆ ಒಮ್ಮೆಯೂ ಎದುರಾಡಿದವಳಲ್ಲ. ಅವ್ವನ ಜೊತೆ ಆಯಿ ಜಗಳ ತೆಗೆದರೆ ಅದು ಬಾವಿಗೆ ಕಲ್ಲು ಹಾಕಿದಂತೆ, ಒಂದು ಸಲ ಸದ್ದು, ಆಮೇಲೆ ಏನೂ ಇಲ್ಲ. ಚಿಗವ್ವನ ಜೊತೆಗಾದರೆ ಮಧ್ಯಾಹ್ನದವರೆಗೂ ನಡೆಯುತ್ತಿತ್ತು.

ಈಗ ನಮ್ಮ ಮನೆತನದ ಒಂದು ಪದ್ಧತಿಯನ್ನು ಹೇಳಲೇಬೇಕು. ಅಣ್ಣತಮ್ಮಂದಿರು ಬೇರೆಯಾಗುವುದಾದರೆ ಆ ಮಾತನ್ನು ಹೆತ್ತ ತಾಯಿಯ ಎದುರು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಪಾಲು ಬೇಕಾದವನು ಒಂದು ಮೀನನ್ನು ತಲೆಯಿಂದ ಬಾಲದವರೆಗೆ ಉದ್ದಕ್ಕೆ ಸೀಳಿ, ಒಂದು ಹೋಳನ್ನು ತಾನು ಇಟ್ಟುಕೊಂಡು ಇನ್ನೊಂದನ್ನು ಮನೆಗೆ ಕಳಿಸಬೇಕು. ಅಷ್ಟಾದರೆ ಕೇಳಿದ ಹಾಗೆ. ಮನೆಯ ಹಿರಿಯರು ಅದನ್ನು ಕೈಯಿಂದ ಮುಟ್ಟಿದರೆ ಒಪ್ಪಿದ ಹಾಗೆ. ಒಪ್ಪದಿದ್ದರೆ ಓಣಿಯ ಹಿರಿಯರು ಬಂದು ತೀರ್ಮಾನ ಮಾಡುವ ತನಕ ಮುಟ್ಟದೆ ಗೂಟಕ್ಕೆ ತೂಗುಹಾಕಬೇಕು. ಇಂಥ ಪದ್ಧತಿ ಬೇರೆ ಯಾರ ಮನೆಯಲ್ಲಾದರೂ ಇತ್ತೇ ಎಂದು ನಾನು ಆಮೇಲೆ ಎಷ್ಟೋ ಜನರನ್ನು ಕೇಳಿದ್ದೇನೆ. ಎಲ್ಲರೂ ನನ್ನ ಮುಖವನ್ನೇ ನೋಡಿದರು.

ಒಂದು ದಿನ ಬೆಳಗ್ಗೆ ಬೊಂಬಾಯಿಯಿಂದ ಊರಿಗೆ ಮರಳಿದ್ದ ಪಕ್ಕದ ಹಳ್ಳಿಯವನೊಬ್ಬ ನಮ್ಮ ಕಟ್ಟೆಗೆ ಬಂದ. ಕಂಕುಳಲ್ಲಿ ಚಾಪೆಯ ತುಂಡಿನಲ್ಲಿ ಸುತ್ತಿದ ಒಂದು ಗಂಟಿತ್ತು. ಅದನ್ನು ಪಡಸಾಲೆಯಲ್ಲಿ ಇಟ್ಟು, ನೀರು ಕುಡಿದು, ನಿಂತಲ್ಲೇ ಹೇಳಿದ.

“ನಿಮ್ಮ ಹಣಮಂತ ಕೊಟ್ಟು ಕಳಿಸ್ಯಾನ. ಹದಿನೈದು ದಿನದಾಗ ತಾನೂ ಬರ್ತಾನಂತ. ಯವ್ವನ ಕೂಡ ಮಾತಾಡೋದು ಅದ ಅಂದ.”

ಅವನು ಹೋದ ಮೇಲೆ ಚಿಗವ್ವ ಗಂಟು ಬಿಚ್ಚಿದಳು. ಒಳಗೆ ಉಪ್ಪು ಹಾಕಿ ಒಣಗಿಸಿದ ಒಂದು ಮೀನಿತ್ತು. ಮೊಳಕ್ಕೆ ನಾಲ್ಕು ಬೆರಳು ಕಡಿಮೆ ಉದ್ದ, ಎಮ್ಮೆಯ ನಾಲಿಗೆಯ ಹಾಗೆ ಚಪ್ಪಟೆ. ಒಂದು ಮಗ್ಗುಲು ಕಂದು ಬಣ್ಣ, ಚರ್ಮ ಇತ್ತು. ಇನ್ನೊಂದು ಮಗ್ಗುಲು ಬೆಳ್ಳಗೆ, ಅಲ್ಲಿ ಕಣ್ಣೂ ಇರಲಿಲ್ಲ, ಬಣ್ಣವೂ ಇರಲಿಲ್ಲ. ಯಾರೋ ಚೂಪಾದ ಕತ್ತಿಯಿಂದ ಸೀಳಿ ಒಂದು ಪಾಲನ್ನು ತೆಗೆದುಕೊಂಡಿದ್ದಾರೆ ಎಂಬುದು ನಾಲ್ಕು ಹೆಜ್ಜೆ ದೂರದಿಂದಲೇ ಕಾಣುತ್ತಿತ್ತು. ಆಯಿ ನಾಲ್ಕು ಹೆಜ್ಜೆ ದೂರದಲ್ಲೇ ಇದ್ದಳು. ಜೋಳ ಕೇರುವ ಬಿದಿರಿನ ಮರ ಅವಳ ಕೈಯಿಂದ ಜಾರಿತು. ಜೋಳವೆಲ್ಲ ಖೋಲಿಯ ತುಂಬ ಚೆಲ್ಲಿತು.

“ಸೀಳುಮೀನು,” ಎಂದಳು. “ನನ್ನ ಮಗ ನನಗ ಸೀಳುಮೀನು ಕಳಿಸ್ಯಾನ.”

“ಅತ್ತಿ, ಅವರು ಹಂಗ ಮಾಡೋರಲ್ಲ,” ಎಂದಳು ಚಿಗವ್ವ.

“ಅಂವ ಮಾಡೋನಲ್ಲ. ಮಾಡಿಸೋರು ಇರ್ತಾರ.”

“ನಾ ಇಲ್ಲೇ ನಿಮ್ಮ ಕಣ್ಣ ಮುಂದ ಇದ್ದೀನಲ್ರಿ. ಬೊಂಬಾಯಿಗಿ ಹೋಗಿ ಮಾಡಿಸಿ ಬಂದೇನು?”

“ತುಂಗಭದ್ರಿಯೋರಿಗಿ ಹೋಗೋದು ಬ್ಯಾಡ. ಕುಂತಲ್ಲೇ ಮಾಡಿಸ್ತೀರಿ.”

ಅಪ್ಪ ಹೊಳೆಯಿಂದ ಬರುವ ಹೊತ್ತಿಗೆ ಮನೆ ಎರಡಾಗಿತ್ತು. ಆಯಿ ಮೀನನ್ನು ಮುಟ್ಟಲಿಲ್ಲ, ಅಂದರೆ ಒಪ್ಪಿಲ್ಲ. ಚಿಗವ್ವನ ಕೈಯಿಂದಲೇ ಅದನ್ನು ಗೂಟಕ್ಕೆ ಹಾಕಿಸಿದಳು. ಆದರೆ ಪಾಲು ಕೇಳಿದವರಿಗೆ ಪಾಲಾದರೆ ಹೇಗಿರುತ್ತದೆ ಎಂಬ ರುಚಿಯನ್ನಾದರೂ ತೋರಿಸಬೇಕಲ್ಲ. ಸುಣ್ಣದ ಗಡಿಗೆ ತಂದು, ಪಡಸಾಲೆಯ ಹೊಸ್ತಿಲಿನಿಂದ ಅಡುಗೆಮನೆಯ ಹಿಂದಿನ ಗೋಡೆಯವರೆಗೆ ನಡುಬಗ್ಗಿಸಿ ಒಂದು ಗೆರೆ ಎಳೆದಳು. ಬಲಕ್ಕೆ ನಾವು, ಎಡಕ್ಕೆ ಚಿಗವ್ವ. ಎಡಕ್ಕೆ ಮೂರು ಕಲ್ಲಿಟ್ಟು ಬೇರೆ ಒಲೆ ಹೂಡಿಸಿದಳು. ಅಪ್ಪ ಗೆರೆಯನ್ನು ನೋಡಿದ, ಗೂಟದ ಮೀನನ್ನು ನೋಡಿದ, ರುಮಾಲು ತೆಗೆದು ಮತ್ತೆ ಸುತ್ತಿಕೊಂಡ, ಹರಿಗೋಲಿನ ಕಡೆಗೆ ಹೋದ. ಕಷ್ಟ ಬಂದಾಗ ಅಪ್ಪ ಸದಾ ಹೊಳೆಯ ನಡುವೆ ಇರುತ್ತಿದ್ದ.

ಆಯಿಯ ಗೆರೆ ನೇರವಾಗಿತ್ತು, ಆದರೆ ಅವಳು ಎಲ್ಲವನ್ನೂ ಯೋಚಿಸಿರಲಿಲ್ಲ. ಬೆಳಕಿಂಡಿಯ ಬಿಸಿಲು ಮಧ್ಯಾಹ್ನ ಆಗುತ್ತಲೇ ಚಿಗವ್ವನ ಪಾಲಿಗೆ ಸರಿಯಿತು. ಆಯಿ ಸೂಜಿ ದಾರ ಹಿಡಿದು ಗೆರೆಯ ತನಕ ಬಂದು ನಿಂತಳು. ಸೊಸೆಯ ಜೊತೆ ಮಾತು ಬಿಟ್ಟಾಗಿತ್ತು, ಹೀಗಾಗಿ ಗೋಡೆಗೆ ಹೇಳಿದಳು.

“ಬಿಸಲಿಗಿ ಕುಂದ್ರೋರು ಬಂದಾರ. ಬ್ಯಾಡ ಅನ್ನೋರು ಅನ್ನಬಹುದು.”

ಚಿಗವ್ವ ಎದುರು ಗೋಡೆಗೆ ಉತ್ತರ ಕೊಟ್ಟಳು.

“ಕುಂದ್ರೋರು ಕುಂದ್ರಲಿ. ಚಾಪಿ ಹಾಕೀನಿ.”

ರೊಟ್ಟಿ ಸುಡುವ ಹಂಚು ಒಂದೇ ಇತ್ತು. ಅದು ದಿನಕ್ಕೆ ಎರಡು ಸಲ ಗಡಿ ದಾಟುತ್ತಿತ್ತು. ದಾಟಿಸುವವಳು ನಾನು. ಬೆಕ್ಕು ಎರಡೂ ಕಡೆ ತಿಂದು ದುಂಡಗಾಯಿತು. ನಾನು ಮಲಗುವ ಕೌದಿಯ ಮೇಲೆಯೇ ಗೆರೆ ಹಾಯುತ್ತಿದ್ದರಿಂದ ಅವ್ವ ನನ್ನನ್ನು ಬಲಕ್ಕೆ ಎಳೆದು ಮಲಗಿಸುವಳು, ಬೆಳಗ್ಗೆ ಏಳುವಾಗ ನಾನು ಎಡಕ್ಕೆ ಇರುತ್ತಿದ್ದೆ. ಇದಕ್ಕೂ ಆಯಿ ಗೋಡೆಗೆ ದೂರು ಹೇಳಿದಳು.

ಓಣಿಯ ಹಿರಿಯ ಭೀಮಣ್ಣತಾತ ಬಂದು ಆಸ್ತಿಯನ್ನು ಕಣ್ಣಳತೆ ಮಾಡಿಕೊಂಡ. ಬಲೆಯನ್ನು ಕತ್ತರಿಸಬಹುದು, ಮನೆಗೆ ಗೋಡೆ ಏಳಿಸಬಹುದು ಎಂದ. ಹರಿಗೋಲಿನ ಹತ್ತಿರ ಹೋಗಿ ಅದರ ಸುತ್ತ ಎರಡು ಸುತ್ತು ಹಾಕಿದ. ಹರಿಗೋಲಿಗೆ ಮುಂದಿಲ್ಲ, ಹಿಂದಿಲ್ಲ, ಎಲ್ಲಿಂದ ನೋಡಿದರೂ ದುಂಡು.

“ಇದನ್ನ ಸೀಳಿದ್ರ ಎರಡು ಮರ ಆಗ್ತಾವ, ಜ್ವಾಳ ಕೇರಬಹುದು,” ಎಂದ. “ಹಣಮಂತ ಬರಲಿ. ಅಲ್ಲೀತನ ಆ ಮೀನು ಹಾಳಾಗಬಾರದು. ಅದ ಸಾಕ್ಷಿ.”

ಸಾಕ್ಷಿಯನ್ನು ಕಾಯುವ ಕೆಲಸ ನನ್ನ ಪಾಲಿಗೆ ಬಂತು. ಬೆಕ್ಕು, ಇರುವೆ, ನೊಣ ಮೂರರಿಂದಲೂ ಕಾಪಾಡಬೇಕು. ಪಾಲು ತೀರ್ಮಾನವಾದರೆ ಚಿಗವ್ವ ಓಣಿಯ ಆ ತುದಿಗೆ ಬೇರೆ ಗುಡಿಸಲಿಗೆ ಹೋಗುತ್ತಾಳೆ, ಇಲ್ಲವೇ ಮಾನ್ವಿಗೆ ಕಳಿಸುತ್ತಾರೆ ಎಂದು ಅವ್ವ ಹೇಳಿದ್ದಳು. ಆ ಮೀನಿನ ಮೇಲೆ ನನಗೆ ಎಂಥ ಸಿಟ್ಟು ಇತ್ತೆಂದರೆ, ಒಮ್ಮೆ ಬೆಕ್ಕನ್ನು ನಾನೇ ಎತ್ತಿ ಅದರ ಮುಂದೆ ಹಿಡಿದೆ. ಉಪ್ಪಿನ ವಾಸನೆಗೆ ಅದು ಮೂತಿ ತಿರುಗಿಸಿತು. ಮಾಡಲು ಬೇರೆ ಕೆಲಸವಿಲ್ಲದೆ ನಾನು ಮೀನನ್ನು ನೋಡುತ್ತ ಕೂತೆ. ಒಂದು ದಿನ, ಎರಡು ದಿನ, ಮೂರು ದಿನ. ಜೀವನದಲ್ಲಿ ನಾನು ಯಾವುದನ್ನಾದರೂ ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಮುಂದೆ ರಾಯಚೂರಿನ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತ ಮುದುಕಿಯಾದೆ, ಮಕ್ಕಳಿಗೆ ಕಪ್ಪೆ, ಜಿರಲೆ, ದಾಸವಾಳ ತೋರಿಸಿದೆ, ಆದರೆ ನೋಡುವುದು ಅಂದರೇನು ಎಂದು ನನಗೆ ಕಲಿಸಿದ್ದು ಗೂಟದ ಮೇಲಿದ್ದ ಆ ಒಣಮೀನು.

ಮೊದಲು ಕಂಡದ್ದು ರೆಕ್ಕೆ. ಅದು ತಲೆಯಿಂದ ಹೊರಟು, ಬೆನ್ನ ಮೇಲೆ ಹಾದು, ಬಾಲವನ್ನು ಸುತ್ತಿ, ಹೊಟ್ಟೆಯ ಕೆಳಗಿನಿಂದ ಮತ್ತೆ ತಲೆಯ ಹತ್ತಿರಕ್ಕೆ ಬಂದಿತ್ತು, ಸೀರೆಯ ಅಂಚಿನ ಹಾಗೆ. ಎಲ್ಲಿಯೂ ಹರಿದಿರಲಿಲ್ಲ. ಆಮೇಲೆ ಬಾಯಿ. ಸೊಟ್ಟಗಿತ್ತು, ಸಣ್ಣದಿತ್ತು, ಆದರೆ ಇಡೀ ಬಾಯಿಯೇ. ಕೊನೆಗೆ, ಮಧ್ಯಾಹ್ನದ ಬಿಸಿಲಿಗೆ ಹಿಡಿದಾಗ, ಕಂದು ಮಗ್ಗುಲಿನಲ್ಲಿ ಎಳ್ಳುಕಾಳಿನಂಥ ಎರಡು ಕುಳಿಗಳು ಒಂದರ ಪಕ್ಕ ಒಂದು ಕಂಡವು. ಎರಡೂ ಕಣ್ಣೇ. ಅರ್ಧ ಮೀನಿಗೆ ಒಂದೇ ಕಣ್ಣಿರಬೇಕು. ನನಗೆ ಲೆಕ್ಕ ಅಷ್ಟು ಬರುತ್ತಿತ್ತು. ಓಡಿಹೋಗಿ ಆಯಿಗೆ ಹೇಳಿದೆ.

“ಆಯಿ, ಇದರದು ಎರಡೂ ಕಣ್ಣು ಒಂದ ಕಡಿ ಅದಾವ. ಇದು ಅರ್ಧ ಅಲ್ಲ, ಪೂರ್ತಿ ಮೀನು.”

ಆಯಿ ದೂರದಿಂದಲೇ ಕುತ್ತಿಗೆ ಚಾಚಿ ನೋಡಿದಳು.

“ಆ ಕಡಿ ಕಣ್ಣು ಕಿತ್ತು ಈ ಕಡಿ ಅಂಟಿಸ್ಯಾರ. ಬೊಂಬಾಯಿ ಮಂದಿ ಅವರು, ಏನೂ ಮಾಡ್ತಾರ.”

“ಯಾಕ ಅಂಟಿಸ್ತಾರ?”

“ಅದನ್ನ ಅವರ್ನ ಕೇಳು. ನಾ ಹುಟ್ಟಿದಾಗಿನಿಂದ ಮೀನು ನೋಡಾಕತ್ತೀನಿ. ಮೀನಿಗಿ ಕಣ್ಣು ಈ ಕಡಿ ಒಂದು, ಆ ಕಡಿ ಒಂದು.”

ಈ ಮಾತು ಅಪ್ಪನ ಕಿವಿಗೆ ಬಿತ್ತು. ಹಿಂದಿನ ವರ್ಷ ಊರಿಗೆ ಕಾಲರಾ ಸೂಜಿ ಹಾಕಲು ರಾಯಚೂರಿನ ದವಾಖಾನೆಯಿಂದ ಒಬ್ಬ ನರ್ಸಮ್ಮ ಬಂದಿದ್ದಳು. ಸಮುದ್ರದ ಸೀಮೆಯವಳು. ಹರಿಗೋಲಿನಲ್ಲಿ ಕೂತು ಅಪ್ಪನಿಗೆ ದಾರಿಯುದ್ದಕ್ಕೂ ತಮ್ಮೂರಿನ ಮೀನುಗಳ ಹೆಸರು ಹೇಳಿದ್ದಳಂತೆ. ಅಪ್ಪ ಆ ವರ್ಷದಲ್ಲಿ ಆಡಿದ ಅತಿ ಉದ್ದದ ಮಾತನ್ನು ಅಂದು ಆಡಿದ.

“ಯವ್ವ, ನಾಳಿ ರಾಯಚೂರಿಗಿ ಹೋಗೂಣು. ಆಕಿಗಿ ತೋರಿಸೂಣು. ಆಕಿ ಅರ್ಧ ಅಂದ್ರ ಅರ್ಧ.”

ದೇವದುರ್ಗದಿಂದ ರಾಯಚೂರಿಗೆ ಸರ್ಕಾರಿ ಬಸ್ಸು. ನಾನು ಬುಟ್ಟಿಯಲ್ಲಿ ಮೀನಿಟ್ಟುಕೊಂಡು ಕೂತಿದ್ದೆ, ಏಕೆಂದರೆ ಆಯಿ ಮುಟ್ಟುವಂತಿಲ್ಲ. ಎರಡು ಮೈಲಿ ಹೋಗುವಷ್ಟರಲ್ಲಿ ನಮ್ಮ ಮುಂದಿನ ಎರಡು ಸಾಲು ಖಾಲಿಯಾದವು. ಕಂಡಕ್ಟರ್ ಮೂಗಿಗೆ ಬಟ್ಟೆ ಹಿಡಿದು ಉರ್ದುವಿನಲ್ಲಿ ಏನೋ ಕೇಳಿದ, ಆಮೇಲೆ ಕನ್ನಡದಲ್ಲಿ ಕೇಳಿದ.

“ಏನದು ಬುಟ್ಟ್ಯಾಗ?”

“ಸಾಕ್ಷಿ,” ಎಂದಳು ಆಯಿ. ಅದಕ್ಕೆ ಅವನು ಹೆದರಿ, ಕಚೇರಿಯ ವ್ಯವಹಾರ ಎಂದುಕೊಂಡು, ಮತ್ತೆ ನಮ್ಮ ತಂಟೆಗೆ ಬರಲಿಲ್ಲ.

ನರ್ಸಮ್ಮನ ಮನೆ ದವಾಖಾನೆಯ ಹಿಂದೆ ಇತ್ತು. ಬುಟ್ಟಿಯ ಬಟ್ಟೆ ಸರಿಸಿದ್ದೇ ಅವಳ ಮುಖ ಅರಳಿತು. ಊರಿನ ನೆಂಟರನ್ನು ಕಂಡವಳ ಹಾಗೆ ಮೀನನ್ನು ಎತ್ತಿಕೊಂಡಳು.

“ಇದು ನಂಗು ಮೀನು ಅಲ್ಲವೇ. ಎಷ್ಟು ವರ್ಷವಾಯಿತು ನೋಡದೆ. ಎಲ್ಲಿ ಸಿಕ್ಕಿತು ಅಜ್ಜೀ?”

“ಉಳಿದರ್ಧ ಎಲ್ಲದ, ಅದನ್ನ ಹೇಳ್ರಿ,” ಎಂದಳು ಆಯಿ.

“ಉಳಿದರ್ಧ ಎಂದರೆ? ಇದೇ ಇಡೀ ಮೀನು.”

ಅಪ್ಪ ಸಂಕೋಚದಿಂದ ನಮ್ಮ ಮನೆಯ ಪದ್ಧತಿ ಹೇಳಿದ. ನರ್ಸಮ್ಮ ನಗಲಿಲ್ಲ, ಅದು ಅವಳ ದೊಡ್ಡತನ. ಒಂದು ಬೋಗುಣಿಯಲ್ಲಿ ನೀರು ತಂದು ಮೀನನ್ನು ನೆನೆಹಾಕಿ, ನೆಲದ ಮೇಲೆ ಕೂತು, ನಮಗೆಲ್ಲ ಪಾಠ ಹೇಳಿದಳು. ಈ ಮೀನು ಸಮುದ್ರದ ತಳದಲ್ಲಿ ಒಂದೇ ಮಗ್ಗುಲಾಗಿ ಮಲಗಿರುತ್ತದೆ. ಮರಳಿರುವಲ್ಲಿ ಮರಳಿನ ಬಣ್ಣ, ಕೆಸರಿರುವಲ್ಲಿ ಕೆಸರಿನ ಬಣ್ಣ. ಅಂಚಿನ ರೆಕ್ಕೆ ಬಡಿದು ಮೈಮೇಲೆ ಮರಳನ್ನು ಎಳೆದುಕೊಂಡರೆ ಎರಡು ಕಣ್ಣು ಮಾತ್ರ ಹೊರಗಿರುತ್ತವೆ. ಹುಳವೋ ಸಣ್ಣ ಸಿಗಡಿಯೋ ಹತ್ತಿರ ಬಂದರೆ ಹಿಡಿಯುತ್ತದೆ. ತಾವು ಚಿಕ್ಕವರಿದ್ದಾಗ ದಂಡೆಯ ನೀರಿನಲ್ಲಿ ನಡೆಯುತ್ತ ಅದನ್ನು ಎಷ್ಟೋ ಸಲ ತುಳಿದಿದ್ದೇವೆ, ಕಾಲಡಿಯ ನೆಲವೇ ಎದ್ದು ಓಡಿದ ಹಾಗಾಗುತ್ತಿತ್ತು ಎಂದಳು.

ಆಯಿ ಕೈಕಟ್ಟಿ ಕೂತು ಕೇಳಿದಳು. ಆಮೇಲೆ ವಕೀಲರ ಹಾಗೆ ಒಂದೊಂದಾಗಿ ತೆಗೆದಳು.

“ಈ ಮಗ್ಗಲು ಬೆಳ್ಳಗ ಯಾಕ?”

“ನೆಲಕ್ಕೆ ತಾಗಿಕೊಂಡಿರುವ ಮಗ್ಗುಲು ಅಜ್ಜೀ. ಯಾರು ನೋಡುತ್ತಾರೆ, ಅದಕ್ಕೆ ಬಣ್ಣ ಯಾಕೆ ಬೇಕು?”

“ಹುಟ್ಟೂವಾಗನೂ ಹಿಂಗ ಅದ ಏನು?”

“ಇಲ್ಲ. ಹುಟ್ಟುವಾಗ ನಿಮ್ಮ ಹೊಳೆಯ ಮೀನಿನ ಹಾಗೆಯೇ. ಆ ಕಡೆ ಒಂದು ಕಣ್ಣು, ಈ ಕಡೆ ಒಂದು ಕಣ್ಣು, ನೆಟ್ಟಗೆ ಈಜುತ್ತದೆ. ಬೆಳೆಯುತ್ತ ಒಂದು ಕಣ್ಣು ತಲೆಯನ್ನು ದಾಟಿ ಇನ್ನೊಂದರ ಪಕ್ಕಕ್ಕೆ ಬರುತ್ತದೆ. ನಮ್ಮ ಶಾಲೆಯಲ್ಲಿ ಬಾಟಲಿಯೊಳಗೆ ಮರಿಗಳನ್ನು ಇಟ್ಟಿದ್ದರು. ಒಂದರ ಕಣ್ಣು ಅರ್ಧ ದಾರಿಯಲ್ಲಿತ್ತು.”

“ಕಣ್ಣು ನಡಕೊಂಡು ಬರ್ತದ.”

“ಹೌದು.”

“ನಡುವ ತಲಿಬುರುಡಿ ಇರ್ತದಲ್ಲ, ಅದು ಸುಮ್ಮ ಕುಂದ್ರತದ?”

“ಅದೂ ತಿರುಚಿಕೊಳ್ಳುತ್ತದೆ. ಬಾಯಿ ಸೊಟ್ಟಗಿದೆ, ನೋಡಿ.”

ಆಯಿ ಅಪ್ಪನ ಕಡೆಗೆ ತಿರುಗಿ, ಈಕೆ ನಮ್ಮನ್ನು ಹುಚ್ಚರೆಂದು ತಿಳಿದಿದ್ದಾಳೆ ಎಂಬ ಮುಖ ಮಾಡಿದಳು. ಆಗಲೇ ನರ್ಸಮ್ಮ ಮೆತ್ತಗಾದ ಮೀನನ್ನು ನೀರಿನಿಂದ ತೆಗೆದು, ನಮ್ಮ ಪದ್ಧತಿಯ ಎರಡನೆಯ ಅರ್ಧವನ್ನು ಮರೆತು, ನೀವೇ ನೋಡಿ ಎಂದು ಆಯಿಯ ಅಂಗೈಯಲ್ಲಿ ಇಟ್ಟುಬಿಟ್ಟಳು. ಅಪ್ಪನ ಕೈ ಅರ್ಧಕ್ಕೆ ಮೇಲೆದ್ದು ಹಾಗೇ ನಿಂತಿತು. ಮುಟ್ಟಿದರೆ ಒಪ್ಪಿದ ಹಾಗೆ. ನಾನು ಚಿಗವ್ವ ಹೋದಳೆಂದೇ ತಿಳಿದೆ.

ಆದರೆ ಮೀನು ಕೈಗೆ ಬಂದ ಮೇಲೆ ಆಯಿಯ ಬೆರಳುಗಳು ಅವಳ ಅಪ್ಪಣೆಗೆ ಕಾಯಲಿಲ್ಲ. ಅರವತ್ತು ವರ್ಷ ಮಾಡಿದ ಕೆಲಸವನ್ನು ಮಾಡಿದವು. ಹೆಬ್ಬೆರಳು ಕಂದು ಮಗ್ಗುಲನ್ನು ಒತ್ತಿತು, ತೋರುಬೆರಳು ಬಿಳಿ ಮಗ್ಗುಲನ್ನು ಒತ್ತಿತು, ತಲೆಯಿಂದ ಬಾಲಕ್ಕೆ ಮೆಲ್ಲಗೆ ಇಳಿದವು. ಮತ್ತೊಮ್ಮೆ ಇಳಿದವು. ಅವಳ ಮುಖದಲ್ಲಿದ್ದ ಸಿಟ್ಟು ಸರಿದು, ಬರೀ ಕೆಲಸದ ಮುಖ ಉಳಿಯಿತು.

“ಮುಳ್ಳು ನಡುವ ಅದ,” ಎಂದಳು. “ಎರಡೂ ಕಡಿ ಮಾಂಸ ಅದ. ಸೀಳಿದ್ದಾದ್ರ ಒಂದು ಕಡಿ ಮುಳ್ಳು ಕೈಗಿ ಹತ್ತಬೇಕಿತ್ತು.”

ಆಯಿ ಮೀನನ್ನು ಕಣ್ಣ ಹತ್ತಿರ ತಂದು, ನೀರಿಗೆ ಉಬ್ಬಿದ್ದ ಆ ಎರಡು ಕಣ್ಣುಗಳನ್ನು ಉಗುರಿನಿಂದ ಕೆದಕಿ ನೋಡಿದಳು. ಅಂಟಿಸಿದ್ದಾಗಿರಲಿಲ್ಲ.

“ಇಂಥಾದನ್ನೂ ಮಾಡ್ಯಾನ ದೇವರು,” ಎಂದಳು, ತನ್ನನ್ನು ಕೇಳದೆ ಮಾಡಿದ್ದಕ್ಕೆ ತುಸು ಬೇಸರದಿಂದ.

ಮನೆಗೆ ಬಂದ ಮೇಲೆ ತಪ್ಪಾಯಿತು ಎಂದು ಅವಳು ಯಾರಿಗೂ ಹೇಳಲಿಲ್ಲ. ನೆಲ ಬಿರುಕು ಬಿಟ್ಟಿದೆ, ಇಡೀ ಮನೆ ಸಾರಿಸಬೇಕು ಎಂದಳು. ಸಗಣಿ ಕಲಸಿ ಹೊಸ್ತಿಲಿನಿಂದ ಹಿಂದಿನ ಗೋಡೆಯವರೆಗೆ ತಾನೇ ಸಾರಿಸಿದಳು. ಗೆರೆ ಹೋಯಿತು. ಚಿಗವ್ವನ ಒಲೆಯ ಮೂರು ಕಲ್ಲುಗಳನ್ನು ಹಿತ್ತಲಿಗೆ ಹೊತ್ತು ಹಾಕಿದಳು. ಆ ಸಂಜೆ ನಂಗು ಮೀನಿಗೆ ಹುಣಸೆಹಣ್ಣು, ಬೆಳ್ಳುಳ್ಳಿ ಹಾಕಿ ಸಾರು ಮಾಡಿದ್ದು ಚಿಗವ್ವ. ಆಯಿ ರೊಟ್ಟಿ ಮುರಿದು ಅದ್ದಿ, ಬಾಯಿಗಿಟ್ಟು, ಬಹಳ ಹೊತ್ತು ಅಗಿದಳು.

“ಸಮುದ್ರದ್ದು ಸೈತ ತುಂಗಭದ್ರಿ ಮೀನಿಗಿಂತ ಚಲೋ ಅದ.”

“ಮಾಡಿದ ಕೈ ತುಂಗಭದ್ರಿದು ಅತ್ತಿ,” ಎಂದಳು ಚಿಗವ್ವ. ಆಯಿಯ ತುಟಿ ಅಲ್ಲಾಡಿತು. ಅವ್ವ ಮೊದಲ ಸಲ ಸೆರಗು ಬಾಯಿಗೆ ಹಿಡಿದು ನಕ್ಕಳು. ಅಂದಿನಷ್ಟು ಸುಖವಾಗಿ ನಾನು ಆ ಮನೆಯಲ್ಲಿ ಇನ್ನೆಂದೂ ಉಂಡಿಲ್ಲ.

ಮುಂದಿನ ವಾರ ಕಾಕಾ ಬಂದ. ಹೊಸ ಅಂಗಿ, ಹೊಸ ಮೀಸೆ. ಕಟ್ಟೆ ಹತ್ತುವ ಮೊದಲೇ ಓಣಿಯವರೆಲ್ಲ ಸೇರಿ ಅವನಿಗೆ ಮೀನಿನ ಕತೆ ಹೇಳಿದರು. ಬಂದರಿನಲ್ಲಿ ಇಂಥ ಮೀನು ಕಂಡು, ನಮ್ಮವ್ವ ಇದರ ಹೆಸರು ಹೇಳಲಿ ನೋಡೋಣ ಎಂದು ತಮಾಷೆಗೆ ಕಳಿಸಿದ್ದೆ ಎಂದು ಅವನು ಬಿದ್ದು ಬಿದ್ದು ನಕ್ಕ. ಆಯಿ ನಗಲಿಲ್ಲ.

“ಮಾತಾಡೋದು ಅದ ಅಂದಿದ್ದೆಲ್ಲ. ಏನದು?”

ಕಾಕಾ ಸುತ್ತ ನಿಂತ ಮುಖಗಳನ್ನು ನೋಡಿದ. ಭೀಮಣ್ಣತಾತ, ಅಪ್ಪ, ಓಣಿಯ ಅರ್ಧ ಜನ.

“ಏನಿಲ್ಲ ಯವ್ವ. ಹಂಗ ಅಂದಿದ್ದೆ. ಬ್ಯಾರಿ ಹೋಗೋ ವಿಚಾರ ನನ್ನ ಮನಸಿನ್ಯಾಗ ಬಂದಿಲ್ಲ, ಬರಂಗಿಲ್ಲ,” ಎಂದ. ಭೀಮಣ್ಣತಾತ ಅಷ್ಟಕ್ಕೆ ಬಿಡದೆ ಹರಿಗೋಲಿನ ಮೇಲೆ ಕೈ ಇರಿಸಿ ಆಣೆ ಮಾಡಿಸಿದ. ಅಂಬಿಗರಿಗೆ ಅದಕ್ಕಿಂತ ದೊಡ್ಡ ಆಣೆಯಿಲ್ಲ.

ಆಣೆ ಮಾಡಿದ ದಿನದಿಂದ ಕಾಕಾ ಮಂಕಾದ. ಎರಡು ರೊಟ್ಟಿ ಹಾಕಿದರೆ ಒಂದನ್ನು ಬಿಡುತ್ತಿದ್ದ. ಮೂರನೆಯ ದಿನ ಬೆಳಗ್ಗೆ ಚಿಗವ್ವ ಹೊಳೆಯಲ್ಲಿ ಪಾತ್ರೆ ಬೆಳಗುತ್ತಿದ್ದಾಗ ಅವನೂ ಹೋದ. ನಾನು ಬಂಡೆಯ ಈ ಕಡೆ ಕಪ್ಪೆಮರಿ ನೋಡುತ್ತಿದ್ದೆ. ನೋಡುವ ಚಟ ಹತ್ತಿಬಿಟ್ಟಿತ್ತಲ್ಲ.

“ಖೋಲಿ ಹಿಡದೀನಿ,” ಎಂದ ಕಾಕಾ. “ಬಂದರದ ಹತ್ರ. ಸಣ್ಣದು. ನಿನ್ನ ಕರಕೊಂಡು ಹೋಗ್ತೀನಂತ ಯವ್ವನ್ನ ಕೇಳಾಕ ಬಂದಿದ್ದೆ. ಈಗ ಹೆಂಗ ಕೇಳ್ಲಿ?”

ಚಿಗವ್ವನ ಕೈಯ ಬೂದಿ ಹಾಗೇ ಇತ್ತು.

“ಒಂದು ವಾರ ನಿಮ್ಮ ಪರವಾಗಿ ಜಗಳ ಮಾಡೀನಿ. ಅವರ ಮನಸಿನ್ಯಾಗ ಅಂಥಾದ್ದಿಲ್ಲ ಅಂತ ಗ್ವಾಡಿಗಿ ಹೇಳಿ ಹೇಳಿ ಬಾಯಿ ನೊಂದದ.”

“ಪಾಲು ಕೇಳಾಕ ಅಲ್ಲ. ನೀ ಬೇಕು ಅಂತ.”

ಚಿಗವ್ವ ಬಹಳ ಹೊತ್ತು ಒಂದೇ ತಂಬಿಗೆಯನ್ನು ತಿಕ್ಕಿದಳು.

“ನನಗೂ ಬರಬೇಕು ಅಂತ ಅದ,” ಎಂದಳು. ಆಮೇಲೆ ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅವಳಿಗೆ ಆ ಮನೆ ಬೇಕಿತ್ತು, ನಾನು ಬೇಕಿದ್ದೆ, ಆದರೂ ಹೋಗಬೇಕಿತ್ತು. ಇಷ್ಟು ನನಗೆ ಆಗ ಅರ್ಥವಾಗಲಿಲ್ಲ. ನನಗೆ ಕೇಳಿಸಿದ್ದು ಒಂದೇ ಮಾತು, ಚಿಗವ್ವ ನನ್ನನ್ನು ಬಿಟ್ಟು ಹೋಗುತ್ತಾಳೆ.

ಅಂದು ಮಧ್ಯಾಹ್ನ ಬೆಳಕಿಂಡಿಯ ಬಿಸಿಲಿನಲ್ಲಿ ಆಯಿ ನನ್ನನ್ನು ಕರೆದು ಹತ್ತಿರ ಕೂರಿಸಿಕೊಂಡಳು. ಹಾಗೆ ಅವಳು ಕೂರಿಸಿಕೊಂಡದ್ದೇ ಇರಲಿಲ್ಲ. ಮೀನಿನ ಪ್ರಕರಣದ ನಂತರ ನನ್ನ ಬಗ್ಗೆ ಅವಳಿಗೆ ಒಂದು ಮರ್ಯಾದೆ ಬಂದಿತ್ತು.

“ಲಚ್ಚಿ, ನಿನ್ನ ಕಣ್ಣು ಚಲೋ ಅದಾವ. ಹಣಮಂತ ಯಾಕ ಉಣವಲ್ಲ? ಆಕಿ ಕಣ್ಣು ಯಾಕ ಕೆಂಪ ಆಗ್ಯಾವ? ಹೊಳಿ ಕಡಿ ಹೋಗಿದ್ದೆಲ್ಲ, ಏನರ ನೋಡಿದಿ?”

“ಏನೂ ಇಲ್ಲ ಆಯಿ,” ಎಂದೆ. “ಕಪ್ಪಿಮರಿ ನೋಡಿದೆ.”

ಮೂವತ್ತು ವರ್ಷ ನಾನು ಮಕ್ಕಳಿಗೆ ಹೇಳಿದ್ದು ಒಂದೇ, ಕಂಡದ್ದನ್ನು ಬರೆಯಿರಿ, ಕಾಣಬೇಕೆನಿಸಿದ್ದನ್ನು ಬರೆಯಬೇಡಿ. ನನ್ನ ಕಣ್ಣನ್ನು ನಂಬಿ ಒಬ್ಬರು ಮೊದಲ ಸಲ ಕೇಳಿದಾಗ ನಾನು ಕೊಟ್ಟ ಉತ್ತರ ಇದು. ಆಯಿ ನನ್ನ ಮುಖವನ್ನೇ ನೋಡಿದಳು, ಹೌದೇನು ಎಂದಳು, ಮತ್ತೆ ಬಲೆ ಎತ್ತಿಕೊಂಡಳು. ಆ ದಿನ, ಮರುದಿನ ಅವಳು ಚಿಗವ್ವನ ಜೊತೆ ಜಗಳವಾಡಿದ್ದೇ ಆಡಿದ್ದು. ಸಾರಿಗೆ ಉಪ್ಪು ಹೆಚ್ಚು, ರೊಟ್ಟಿ ದಪ್ಪ, ಮಾನ್ವಿಯವರಿಗೆ ಬಲೆ ಕಟ್ಟಲು ಬಾರದು. ಚಿಗವ್ವನೂ ಒಂದನ್ನೂ ಬಿಡದೆ ಉತ್ತರ ಕೊಟ್ಟಳು. ನನಗೆ ಎಲ್ಲ ಮೊದಲಿನಂತಾಯಿತು ಎನಿಸಿ ಎದೆ ಹಗುರಾಯಿತು.

ಅದರ ಮರುದಿನ ಬೆಳಗ್ಗೆ ಊಟಕ್ಕೆ ಕೂತಾಗ ಆಯಿ ಕಾಕಾನಿಗೆ ಹೇಳಿದಳು.

“ಹೆಂಡ್ತಿನ್ನ ಕರಕೊಂಡು ಹೋಗು. ಹರಿಗೋಲು ಇಲ್ಲೇ ಅದ, ಒಲಿ ಇಲ್ಲೇ ಅದ, ಇದು ಪಾಲು ಅಲ್ಲ. ನಿನ್ನ ಆಣಿ ಮುರಿಯಂಗಿಲ್ಲ. ಭೀಮಣ್ಣಗ ನಾ ಹೇಳ್ತೀನಿ.”

ರಾಯಚೂರಿನ ಸ್ಟೇಷನ್ನಿಗೆ ನಾವೆಲ್ಲ ಹೋದೆವು. ಆಯಿ ಖಾರದ ಹಿಂಡಿಯ ಕುಡಿಕೆ, ಒಣಮೀನು, ಖಡಕ್ ರೊಟ್ಟಿಯ ಗಂಟು ಕೊಟ್ಟು, ಸಮುದ್ರದ ಮೀನು ದಿನಾ ತಿಂದರೆ ಹೊಟ್ಟೆ ಕೆಡುತ್ತದೆ ಎಂದು ಬೈದಳು. ಚಿಗವ್ವ ಕಾಲಿಗೆ ಬಿದ್ದಾಗ ತಲೆಯ ಮೇಲೆ ಕೈಯಿಟ್ಟು, ಬೇಗನೆ ತೆಗೆದಳು. ನನ್ನನ್ನು ಚಿಗವ್ವ ಅಪ್ಪಿಕೊಂಡಾಗ ನಾನು ಕೈ ಬಿಡಲಿಲ್ಲ. ಅಪ್ಪ ಬಂದು ಬಿಡಿಸಿದ. ರೈಲು ಹೋಯಿತು. ಆಯಿ ಅಲ್ಲೇ ಕಲ್ಲಿನ ಬೆಂಚಿನ ಮೇಲೆ ಕೂತಳು. ನಾನು ಪಕ್ಕದಲ್ಲಿ ಕೂತು ಬಿಕ್ಕುತ್ತಿದ್ದೆ. ಅವಳು ಹಳಿಯ ಕಡೆಗೇ ನೋಡುತ್ತ ಮಾತಾಡಿದಳು.

“ಆವತ್ತ ನೀ ಸುಳ್ಳು ಹೇಳಿದಿ.”

ನಾನು ಅಂಗೈಯಿಂದ ಮೂಗು ಒರೆಸಿಕೊಂಡೆ.

“ನನಗ ಆಗಲೇ ಗೊತ್ತಾತು. ಆದ್ರ ನಂಬಿದಂಗ ಮಾಡಿದೆ. ಎರಡು ದಿನ ಆಕಿ ನನ್ನ ಮನ್ಯಾಗ ಹೆಚ್ಚಿಗಿ ಇದ್ಲು.”